ಮುಖಂಡರಲ್ಲದವರಿಗೆ ಎಷ್ಟು ಸಾಲು?

ಭದ್ರಾವತಿಯ ಜನ್ನಾಪುರದಿಂದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ನನ್ನ ಸೋದರಮಾವ ತೀರಿಕೊಂಡ ಸುದ್ದಿಯನ್ನು ಎರಡೇ ಸಾಲಿನಲ್ಲಿ ಮುಗಿಸಿದಿರಿ. 'ಹಿರಿಯ ಕಾರ್ಮಿಕ ಮುಖಂಡ' ಎಂದಿರಿ, ಅವರು ಯಾವತ್ತೂ ಮುಖಂಡರಾಗಿರಲಿಲ್ಲ. ವಯಸ್ಸು 78, ನೀವು 87 ಮಾಡಿದಿರಿ. ಅದೇ ಪುಟದಲ್ಲಿ ಒಬ್ಬ ಮಾಜಿ ಅಧ್ಯಕ್ಷರಿಗೆ ಫೋಟೋ ಸಮೇತ ಅರ್ಧ ಪುಟ. ನಮ್ಮೂರಲ್ಲಿ ಸಂಘಕ್ಕಾಗಿ ದುಡಿದು ಸತ್ತವರ ಹೆಸರೆಲ್ಲ ಸೇರಿಸಿ ಒಂದು ವಿಶೇಷ ಸಂಚಿಕೆ ತರಬಾರದೇ? ಕಾರ್ಖಾನೆಗಳೇ ನಿಲ್ಲುತ್ತಿವೆ. ಇನ್ನು ಇವರನ್ನೆಲ್ಲ ಯಾರು ನೆನಪಿಟ್ಟುಕೊಳ್ಳುತ್ತಾರೆ?"

ವಯಸ್ಸಿನ ತಪ್ಪು ನಮ್ಮದೇ. ಈ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದ್ದೇವೆ. ಆದರೆ ಪತ್ರದ ಕೆಳಗೆ ನೀವು ಬರೆದ ಮನೆ ವಿಳಾಸ ನೋಡಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಆ ಮನೆಯ ಜಗಲಿ ನನಗೆ ಗೊತ್ತು. ಎರಡು ಸಾಲಿನ ಆ ಸುದ್ದಿ ನನ್ನ ಮೇಜಿನ ಮೇಲಿಂದಲೇ ಹೋಗಿದ್ದು. ತೀರಿಕೊಂಡವರು ಇವರೇ ಎಂದು ಆಗ ಹೊಳೆಯಲಿಲ್ಲ. ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು 'ರಸೀದಿ ಅಣ್ಣ' ಎಂದು. ನಿಜವಾದ ಹೆಸರು ಕೇಳಿಯೇ ಇರಲಿಲ್ಲ.

1994ರ ಮಾತು. ನನ್ನ ಅಪ್ಪ ಒಂದು ಸಣ್ಣ ವರ್ಕ್‌ಶಾಪಿನಲ್ಲಿ 20 ವರ್ಷ ಲೇತ್ ಓಡಿಸಿ ನಿವೃತ್ತರಾದರು. ಕೊನೆಯ ಸಂಬಳ 2,600 ರೂಪಾಯಿ. ಮಾಲೀಕರು ಗ್ರಾಚ್ಯುಟಿ ಎಂದು, ಅಂದರೆ ದುಡಿದ ವರ್ಷಗಳ ಲೆಕ್ಕದಲ್ಲಿ ಕೊಡಬೇಕಾದ ಇಡಿಗಂಟು ಎಂದು, 26,000 ರೂಪಾಯಿ ಕೊಟ್ಟರು. ಅಪ್ಪ ಖುಷಿಯಲ್ಲೇ ಇದ್ದರು. ಯಾರೋ "ಒಂದ್ಸಲ ರಸೀದಿ ಅಣ್ಣನಿಗೆ ತೋರಿಸಿ" ಎಂದರು ಎಂದು ಇಬ್ಬರೂ ಹೋದೆವು. ನಿಮ್ಮ ಮಾವ ಫಸ್ಟ್ ಶಿಫ್ಟ್ ಮುಗಿಸಿ ಬಂದು ಬನಿಯನ್ನಿನಲ್ಲಿ ಜಗಲಿ ಮೇಲೆ ಕೂತಿದ್ದರು. ಕಿವಿಯಲ್ಲಿ ಪೆನ್ಸಿಲ್. ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಹಾಕಿ ಲೆಕ್ಕ ಶುರು ಮಾಡಿದರು. ವರ್ಷಕ್ಕೆ 15 ದಿನದ ಸಂಬಳ. ಸರಿ, ಆದರೆ ಒಂದು ದಿನದ ಸಂಬಳ ಎಷ್ಟು? ಮಾಲೀಕರು 2,600ನ್ನು 30ರಿಂದ ಭಾಗಿಸಿದ್ದರು. ಇವರು 26ರಿಂದ ಭಾಗಿಸಿದರು. ದಿನಕ್ಕೆ 100, 15 ದಿನಕ್ಕೆ 1,500, 20 ವರ್ಷಕ್ಕೆ 30,000. ಹಾಳೆ ತಿರುಗಿಸಿ ಭಾನುವಾರಗಳ ಮೇಲೆ ಪೆನ್ಸಿಲ್ ಎಳೆದರು. "ದುಡಿದದ್ದು ಇಪ್ಪತ್ತಾರು ದಿನ. ಭಾನುವಾರ ಯಾಕೆ ಸೇರಿಸ್ತಾರೆ?" ಎಂದರು.

ಅದು ಅವರ ಸ್ವಂತ ವಾದವೇನಲ್ಲ. 1972ರ ಗ್ರಾಚ್ಯುಟಿ ಕಾಯ್ದೆಗೆ 1987ರಲ್ಲಿ ಆದ ತಿದ್ದುಪಡಿಯಲ್ಲಿ ಈ 26ರ ಲೆಕ್ಕ ಸ್ಪಷ್ಟವಾಗಿಯೇ ಇತ್ತು. ಆದರೆ ಕಾಯ್ದೆಯಲ್ಲಿ ಇದ್ದ ಮಾತ್ರಕ್ಕೆ ಲೇತ್ ಓಡಿಸುವವನಿಗೆ ಗೊತ್ತಿರಬೇಕಲ್ಲ. ಅವರು ಅರ್ಜಿ ಬರೆದುಕೊಟ್ಟರು, ಅಪ್ಪನ ಜೊತೆ ಮೂರು ಸಲ ಬಸ್ಸು ಹತ್ತಿ ಶಿವಮೊಗ್ಗದ ಲೇಬರ್ ಆಫೀಸಿಗೆ ಬಂದರು. ಉಳಿದ 4,000 ಬಂತು. ಅಪ್ಪ ನೂರು ರೂಪಾಯಿ ಕೊಡಲು ಹೋದರೆ ಹತ್ತು ಮಾತ್ರ ತೆಗೆದುಕೊಂಡು, ಸಂಘದ ಪುಸ್ತಕದಿಂದ ರಸೀದಿ ಹರಿದು ಕೊಟ್ಟರು. ಅಪ್ಪ ಅವರ ಸಂಘದ ಸದಸ್ಯರೂ ಅಲ್ಲ, ಅವರ ಕಾರ್ಖಾನೆಯವರೂ ಅಲ್ಲ.

ಇಂಥವರಿಗೆ ಎರಡು ಸಾಲು ಕೊಟ್ಟ ಮೇಲೆ ಯಾವ ಮುಖ ಇಟ್ಟುಕೊಂಡು ಉತ್ತರ ಬರೆಯಲಿ, ಹೇಳಿ.

ಆದರೂ ವಿಶೇಷ ಸಂಚಿಕೆಯ ವಿಷಯದಲ್ಲಿ ನಿಮ್ಮ ಮಾತು ನಾನು ಒಪ್ಪುವುದಿಲ್ಲ. ಇನ್ನೂರು ಹೆಸರು, ಇನ್ನೂರು ಪಾಸ್‌ಪೋರ್ಟ್ ಸೈಜ್ ಫೋಟೋ, ಪ್ರತಿಯೊಂದರ ಕೆಳಗೂ 'ಸರಳ ಸಜ್ಜನ, ಹೋರಾಟಗಾರ'. ಅದು ಮತದಾರರ ಪಟ್ಟಿ ಆಗುತ್ತದೆ. ತಮ್ಮ ಮನೆಯವರ ಪುಟ ನೋಡಿ ಜನ ಮಡಚಿಡುತ್ತಾರೆ. ನಿಮ್ಮ ಮಾವನ ವಿಷಯದಲ್ಲಿ ನನಗೆ ಉಳಿದದ್ದು ಅವರ ಫೋಟೋ ಅಲ್ಲ, 26 ಎಂಬ ಅಂಕಿ. ಒಬ್ಬೊಬ್ಬರದೂ ಇಂಥದ್ದೊಂದು ಇದ್ದೇ ಇರುತ್ತದೆ. ಅದು ಸಿಕ್ಕರೆ ಬರೆಯೋಣ, ತಿಂಗಳಿಗೆ ಒಬ್ಬರೇ ಆದರೂ ಸರಿ.

ಹೆಸರಿದ್ದವರನ್ನು ನಮ್ಮ ಜಿಲ್ಲೆ ಮರೆತಿಲ್ಲ. 1951ರಲ್ಲಿ ಗೇಣಿದಾರ ರೈತರು ನಡೆಸಿದ ಕಾಗೋಡು ಸತ್ಯಾಗ್ರಹ ಎಂದರೆ ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡರು, ಸಾಗರಕ್ಕೆ ಬಂದು ಬಂಧನಕ್ಕೊಳಗಾದ ಸಮಾಜವಾದಿ ನಾಯಕ ಲೋಹಿಯಾ ನೆನಪಾಗುತ್ತಾರೆ. ಆಗಬೇಕಾದದ್ದೇ. ಆದರೆ ಅಲ್ಲಿ ಜಗಳ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗದ ಮೇಲೆ. ಜಮೀನಿನ ಒಡೆಯರ ಕೊಳಗ ದೊಡ್ಡದು ಎಂದು ಮೊದಲು ಬಾಯಿಬಿಟ್ಟು ಹೇಳಿದ ಗೇಣಿದಾರ ಯಾರು? ಸಂಘಗಳ ಕಥೆಯೂ ಇದೇ. 1926ರ ಕಾಯ್ದೆಯಲ್ಲಿ ಸಂಘ ನೋಂದಣಿಗೆ ಏಳು ಜನರ ಸಹಿ ಸಾಕಿತ್ತು. ಮೊದಲನೇ ಸಹಿಯವರು ಅಧ್ಯಕ್ಷರಾಗುತ್ತಾರೆ. ಏಳನೆಯವರನ್ನು, ಬೇರೆ ಯಾರೂ ಸಿಗದಿದ್ದಾಗ ಹೆದರುತ್ತಲೇ ಸಹಿ ಹಾಕಿದವರನ್ನು, ಹುಡುಕಬೇಕು ಅನ್ನೋದು ನನ್ನ ಆಸೆ.

ಹೆಂಗಸರ ವಿಷಯ ನಿಮ್ಮ ಪತ್ರದಲ್ಲೂ ಇಲ್ಲ, ನಮ್ಮ ಹಳೆಯ ಸಂಚಿಕೆಗಳಲ್ಲೂ ಇಲ್ಲ. ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಲೇ, ಸಾವಿರ ಬೀಡಿಗೆ ಇಷ್ಟು ಕೂಲಿ ಬೇಕು, ಕಳಪೆ ಎಂದು ಪಕ್ಕಕ್ಕೆ ಹಾಕಿದ ಬೀಡಿಯನ್ನು ವಾಪಸ್ ಕೊಡಿ ಎಂದು ಜಗಳ ಆಡಿದವರು ಶಿವಮೊಗ್ಗ, ಭದ್ರಾವತಿಯ ಗಲ್ಲಿಗಳಲ್ಲಿ ಇದ್ದರು. ಅವರಿಗೆ ಗೇಟ್ ಮೀಟಿಂಗ್ ಇರಲಿಲ್ಲ, ಏಕೆಂದರೆ ಗೇಟೇ ಇರಲಿಲ್ಲ. ಕೆಲಸ ಮನೆಯಲ್ಲೇ.

ಇನ್ನು ಕಾರ್ಖಾನೆ ನಿಂತರೆ ನೆನಪೂ ಹೋಗುತ್ತದೆ ಎಂಬ ಮಾತು. ಅದರಲ್ಲಿ ಅರ್ಧ ಸತ್ಯ ಇದೆ. ಬೆಂಕಿಪುರ ಎಂಬ ಊರು ಭದ್ರಾವತಿ ಎಂದು ದೊಡ್ಡದಾದದ್ದೇ ಕಬ್ಬಿಣದ ಕಾರ್ಖಾನೆಯಿಂದ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಸೌದೆಯಿಂದ ಮಾಡಿದ ಇದ್ದಿಲು ಹಾಕಿ 1923ರಲ್ಲಿ ಉತ್ಪಾದನೆ ಶುರುವಾಯಿತು. 1936ರಲ್ಲಿ ಕಾಗದದ ಕಂಪನಿ ಹುಟ್ಟಿತು. ಒಂದು ಕಾಲಕ್ಕೆ ನಮ್ಮ ರಾಜ್ಯದ ಪತ್ರಿಕೆಗಳು ಅಚ್ಚಾಗುತ್ತಿದ್ದದ್ದು ಆ ಪೇಪರ್ ಟೌನಿನ ಕಾಗದದ ಮೇಲೆ. (ಮುಷ್ಕರದಿಂದ ಜನರಿಗೆ ತೊಂದರೆ ಎಂದು ನಾವು ಬರೆದದ್ದೂ ಅದೇ ಕಾಗದದ ಮೇಲೆ.) ಆ ಯಂತ್ರಗಳು ಈಗ ನಿಂತಿವೆ. 2023ರ ಜನವರಿಯಲ್ಲಿ ಆ ಕಬ್ಬಿಣ, ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಧರಣಿ ಕೂರುವುದು, ಬೇಡಿಕೆ ಪಟ್ಟಿ ಬರೆಯುವುದು, ಚಂದಾ ಎತ್ತಿ ಅನ್ನ ಬೇಯಿಸುವುದು, ಇದನ್ನೆಲ್ಲ ಅವರಿಗೆ ಯಾವ ಶಾಲೆ ಕಲಿಸಿತ್ತು? ನಿಮ್ಮ ಮಾವನಂಥವರೇ ಅಲ್ವಾ?

ಒಂದು ಷರತ್ತು ಮಾತ್ರ ಇದೆ. ಬರೆದರೆ ಪೂರ್ತಿ ಬರೆಯೋಣ. ಬಾವುಟದ ಬಣ್ಣಕ್ಕೆ ಜಗಳವಾಡಿ ಒಂದು ಸಂಘವನ್ನು ಎರಡು ಮಾಡಿದವರಿದ್ದರು. ಕೊನೆಗೆ ತಾವೇ ಕಂಟ್ರಾಕ್ಟರ್ ಆದವರೂ ಇದ್ದರು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಆದರೆ ಎಲ್ಲರನ್ನೂ ಒಂದೇ ಸಮ ಹೊಗಳಿದರೆ, ಹತ್ತು ರೂಪಾಯಿಗೂ ರಸೀದಿ ಕೊಟ್ಟವರಿಗೆ ಏನು ಬೆಲೆ ಬಂತು?

ಪತ್ರದ ಕೊನೆಗೆ ನೀವು ಬರೆದಿದ್ದೀರಿ, ಅಟ್ಟದ ಮೇಲೆ ಮಾವನ ಒಂದು ತಗಡಿನ ಟ್ರಂಕ್ ಇದೆ, ಬರೀ ಹಳೇ ರಸೀದಿ ಪುಸ್ತಕ, ಗೆದ್ದಲು ಹತ್ತುತ್ತಿದೆ, ಹಬ್ಬಕ್ಕೆ ಮೊದಲು ಖಾಲಿ ಮಾಡುತ್ತೇವೆ ಎಂದು. ದಯವಿಟ್ಟು ಮಾಡಬೇಡಿ. ಗುಜರಿಯವನು ಬಂದರೆ ವಾಪಸ್ ಕಳಿಸಿ. ಬರುವ ಬುಧವಾರ ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಪ್ಪನ ಹತ್ತು ರೂಪಾಯಿಯ ರಸೀದಿ ನಮ್ಮ ಮನೆಯಲ್ಲಿ ಇನ್ನೂ ಇದೆ, ಅದನ್ನೂ ತರುತ್ತೇನೆ. ಅದರ ಪ್ರತಿ ನಿಮ್ಮ ಟ್ರಂಕಿನಲ್ಲಿ ಇದೆಯಾ ನೋಡೋಣ.

— ಸಂಪಾದಕ