ಬರಲಿರುವ ರೆಗೆ, ಡ್ಯಾನ್ಸ್‌ಹಾಲ್ ಆಲ್ಬಮ್‌ಗಳ ಪಟ್ಟಿ ಎಲ್ಲಿ ಸಿಗುತ್ತದೆ? ಹೇಳಿದ ದಿನಕ್ಕೆ ಅವು ಏಕೆ ಬರುವುದಿಲ್ಲ?

ನೀವು ಕೇಳಿರುವುದು ಮೂರು ಸಂಗತಿ: ಜಮೈಕಾದ ಸಂಗೀತ ಪ್ರಕಾರಗಳಾದ ರೆಗೆ, ಡ್ಯಾನ್ಸ್‌ಹಾಲ್‌ಗಳಲ್ಲಿ ಮುಂದೆ ಬರಲಿರುವ ಆಲ್ಬಮ್‌ಗಳ ನಂಬಬಹುದಾದ ಪಟ್ಟಿ ಎಲ್ಲಿದೆ, ಪ್ರಕಟಿಸಿದ ದಿನಾಂಕಗಳು ಏಕೆ ಜಾರುತ್ತಲೇ ಇರುತ್ತವೆ, ಎಲ್‌ಪಿ (ವಿನೈಲ್) ತಟ್ಟೆಗಳಿಗೆ ಮುಂಗಡ ಹಣ ಕಟ್ಟಬಹುದೇ. ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಕಣ್ಣು ಮುಚ್ಚಿ ನಂಬಬಹುದಾದ ಪಟ್ಟಿ ಯಾವುದೂ ಇಲ್ಲ. ಜರ್ಮನಿಯಿಂದ ನಡೆಯುವ ರೆಗೆವಿಲ್ ತಾಣದ ಬಿಡುಗಡೆ ಪುಟ ಇರುವುದರಲ್ಲಿ ವಾಸಿ. ಜಮೈಕಾದ ಗ್ಲೀನರ್ ಮತ್ತು ಅಬ್ಸರ್ವರ್ ಪತ್ರಿಕೆಗಳ ಮನರಂಜನೆ ಪುಟಗಳ ಮೇಲೂ ಕಣ್ಣಿಡಿ. ಆದರೆ ಇವರೆಲ್ಲ ಬರೆಯುವುದು ಗಾಯಕರು ಹೇಳಿದ್ದನ್ನು, ಮತ್ತು ಗಾಯಕರು ಹೇಳುವುದಕ್ಕೂ ಅಂಗಡಿಗೆ ಬರುವುದಕ್ಕೂ ನಡುವೆ ಒಂದು ಸಮುದ್ರವೇ ಇದೆ.

ಜಮೈಕಾದ ರೆಗೆ ಗಾಯಕ ಕ್ರಾನಿಕ್ಸ್ ಅವರ ಕಥೆ ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. 2017ರ ಜುಲೈಯಲ್ಲಿ ಅವರ ಮೊದಲ ಪೂರ್ಣ ಆಲ್ಬಮ್ ‘ಕ್ರೊನಾಲಜಿ’ ಬಂತು. ಗ್ರ್ಯಾಮಿಗೆ ನಾಮನಿರ್ದೇಶನವೂ ಆಯಿತು. ಮುಂದಿನದರ ಹೆಸರು ‘ಡೆಲಾ ಸ್ಪ್ಲ್ಯಾಷ್’ ಎಂದು ಪ್ರಕಟಿಸಿದರು. ಸ್ಪ್ಯಾನಿಷ್ ಟೌನ್‌ನಲ್ಲಿ ಅವರು ಬೆಳೆದ ಡೆ ಲಾ ವೇಗಾ ಬಡಾವಣೆಯನ್ನು ನೆನಪಿಸುವ ಹೆಸರು ಅದು. 2020ರಲ್ಲಿ ‘ಡೆಲಾ ಮೂವ್’ ಮುಂತಾದ ಬಿಡಿ ಹಾಡುಗಳು ಬಂದಾಗ ಆಲ್ಬಮ್ ಇನ್ನೇನು ಬಾಗಿಲಲ್ಲೇ ಇದೆ ಎಂದು ಎಲ್ಲರೂ ಬರೆದರು. ಆಮೇಲೆ ‘ಈ ವರ್ಷ ನಿರೀಕ್ಷಿಸಬಹುದಾದ ಆಲ್ಬಮ್‌ಗಳು’ ಎಂಬ ಲೇಖನಗಳಲ್ಲೆಲ್ಲ ಆ ಹೆಸರು ಕಾಯಂ ಸದಸ್ಯನಾಯಿತು. ಆಲ್ಬಮ್ ಮಾತ್ರ ಬರಲಿಲ್ಲ. ಕೊನೆಗೆ 2025ರ ಅಕ್ಟೋಬರ್ 10ರಂದು, ತಮ್ಮ ಹುಟ್ಟುಹಬ್ಬದ ದಿನ, ‘ಎಗ್ಸೈಲ್’ ಎಂಬ ಬೇರೆಯದೇ ಆಲ್ಬಮ್ಮನ್ನು ಹೆಚ್ಚು ಸದ್ದುಗದ್ದಲವಿಲ್ಲದೆ ಹೊರಬಿಟ್ಟರು. ಎಂಟು ವರ್ಷ ಪಟ್ಟಿಯನ್ನು ನಂಬಿ ಕುಳಿತವರಿಗೆ ಪಟ್ಟಿಯಲ್ಲಿದ್ದದ್ದು ಸಿಗಲಿಲ್ಲ, ಸಿಕ್ಕಿದ್ದು ಪಟ್ಟಿಯಲ್ಲಿರಲಿಲ್ಲ.

ಇದನ್ನು ಕಲಾವಿದರ ಸೋಮಾರಿತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜಮೈಕಾದಲ್ಲಿ ಆಲ್ಬಮ್ ಎಂಬುದು ಸಂಗೀತದ ಮೂಲ ಘಟಕವೇ ಅಲ್ಲ. ಅದು ಹೊರದೇಶದವರ ಅನುಕೂಲಕ್ಕಾಗಿ ಕೊನೆಗೆ ಕಟ್ಟಿಕೊಡುವ ಗಂಟು.

1950ರ ದಶಕದಲ್ಲಿ ರಾಜಧಾನಿ ಕಿಂಗ್‌ಸ್ಟನ್‌ನ ಬೀದಿಗಳಲ್ಲಿ ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಹೊತ್ತು ತಿರುಗುವ ಸೌಂಡ್ ಸಿಸ್ಟಮ್‌ಗಳದ್ದೇ ರಾಜ್ಯಭಾರ. ರೇಡಿಯೊ ಶ್ರೀಮಂತರ ಮನೆಯದು, ಬಡವರದು ಬೀದಿಯ ಕುಣಿತ. ಸೌಂಡ್ ಸಿಸ್ಟಮ್ ಒಡೆಯರಾದ ಡ್ಯೂಕ್ ರೀಡ್, ಕ್ಲೆಮೆಂಟ್ ಕಾಕ್ಸನ್ ಡಾಡ್ ಅವರ ನಡುವಿನ ಪೈಪೋಟಿ ಎಷ್ಟಿತ್ತೆಂದರೆ, ಅಮೆರಿಕದಿಂದ ತಂದ ತಟ್ಟೆಯ ಮೇಲಿನ ಲೇಬಲ್ಲನ್ನು ಕೆರೆದು ಹಾಕುತ್ತಿದ್ದರು, ಎದುರಾಳಿಗೆ ಹಾಡಿನ ಹೆಸರು ಗೊತ್ತಾಗಬಾರದೆಂದು. ವಿಲ್ಲಿಸ್ ಜಾಕ್ಸನ್ ಅವರ ‘ಲೇಟರ್ ಫಾರ್ ದ ಗೇಟರ್’ ಎಂಬ ವಾದ್ಯಸಂಗೀತವನ್ನು ಡಾಡ್ ‘ಕಾಕ್ಸನ್ ಹಾಪ್’ ಎಂದು ಕರೆದು ವರ್ಷಗಟ್ಟಲೆ ತಮ್ಮದನ್ನಾಗಿ ಮಾಡಿಕೊಂಡಿದ್ದರು. ಮುಂದೆ 1963ರಲ್ಲಿ ಬ್ರೆಂಟ್‌ಫರ್ಡ್ ರಸ್ತೆಯಲ್ಲಿ ಅವರದೇ ಸ್ಟುಡಿಯೊ ಒನ್ ಆರಂಭವಾದಾಗಲೂ ಪದ್ಧತಿ ಬದಲಾಗಲಿಲ್ಲ. ಹಾಡನ್ನು ಧ್ವನಿಮುದ್ರಿಸಿ ಅಸಿಟೇಟ್ ತಟ್ಟೆಯೊಂದಕ್ಕೆ ಇಳಿಸುವುದು, ಅದನ್ನು ಕುಣಿತದಲ್ಲಿ ಹಾಕಿ ನೋಡುವುದು, ಜನ ಕೂಗಿ ಮತ್ತೆ ಹಾಕಿಸಿದರೆ ಮಾತ್ರ ಅಂಗಡಿಗಾಗಿ ಅಚ್ಚು ಹಾಕಿಸುವುದು. ಅಂದರೆ ಹಾಡು ಬಿಡುಗಡೆಯಾಗುವ ಹೊತ್ತಿಗೆ ಊರಿಗೆಲ್ಲ ಬಾಯಿಪಾಠವಾಗಿರುತ್ತಿತ್ತು. ಇಂಗ್ಲೆಂಡಿನ ಅಂಗಡಿಗಳಲ್ಲೂ ಜಮೈಕಾದಿಂದ ಬಂದ, ಲೇಬಲ್ ಖಾಲಿಯಿರುವ ತಟ್ಟೆಗಳನ್ನು ‘ಪ್ರೀ’ ಎಂದು ಕರೆದು ಹೆಚ್ಚಿನ ಬೆಲೆಗೆ ಮಾರುತ್ತಿದ್ದರು. ಇನ್ನೂ ಬಿಡುಗಡೆಯಾಗದ ಹಾಡು ತನ್ನ ಬಳಿ ಇದೆ ಎಂಬುದೇ ಈ ಲೋಕದಲ್ಲಿ ಪ್ರತಿಷ್ಠೆ. ಅಧಿಕೃತ ದಿನಾಂಕದ ಬಗ್ಗೆ ಜಮೈಕಾದವರಿಗಿರುವ ಅಸಡ್ಡೆಯ ಬೇರು ಇಲ್ಲಿದೆ.

ರೆಗೆಯನ್ನು ಆಲ್ಬಮ್ ಆಗಿ ಮಾರಿದ್ದು ಲಂಡನ್ನಿನ ಐಲೆಂಡ್ ಕಂಪನಿಯ ಕ್ರಿಸ್ ಬ್ಲ್ಯಾಕ್‌ವೆಲ್. ಬಾಬ್ ಮಾರ್ಲಿ ಇದ್ದ ವೇಲರ್ಸ್ ತಂಡಕ್ಕೆ 4,000 ಪೌಂಡ್ ಮುಂಗಡ ಕೊಟ್ಟು, ಕಿಂಗ್‌ಸ್ಟನ್‌ನಿಂದ ಬಂದ ಟೇಪುಗಳ ಮೇಲೆ ಲಂಡನ್‌ನಲ್ಲಿ ರಾಕ್ ಗಿಟಾರ್ ಮತ್ತು ಕೀಬೋರ್ಡ್ ಸೇರಿಸಿ, 1973ರಲ್ಲಿ ‘ಕ್ಯಾಚ್ ಎ ಫೈರ್’ ಹೊರತಂದರು. ಅದರ ಮೊದಲ ಮುದ್ರಣದ ಹೊದಿಕೆಯನ್ನು ಕೈಯಲ್ಲಿ ಹಿಡಿದು ನೋಡಬೇಕು: ಸಿಗರೇಟ್ ಲೈಟರ್‌ನ ಚಿತ್ರ, ಪಕ್ಕದಲ್ಲಿ ಒಂದು ರಿವೆಟ್, ಮೇಲಿನ ಅರ್ಧವನ್ನು ಎತ್ತಿದರೆ ಒಳಗೆ ಜ್ವಾಲೆ. ರಾಕ್ ಸಂಗೀತ ಕೇಳುವ ಬಿಳಿಯ ಯುವಕರಿಗಾಗಿ ಮಾಡಿದ ವಸ್ತು ಎಂಬುದು ಎದ್ದು ಕಾಣುತ್ತದೆ. ಅದು ಬಹಳ ಒಳ್ಳೆಯ ಆಲ್ಬಮ್ ಎಂಬುದೂ ನಿಜವೇ. ಆದರೆ ಕಿಂಗ್‌ಸ್ಟನ್‌ನ ಕುಣಿತಕ್ಕೆ ಬೇಕಾಗಿದ್ದದ್ದು ಆಗಲೂ ಏಳು ಇಂಚಿನ ತಟ್ಟೆಯೇ. ಒಂದು ಬದಿ ಹಾಡು, ಇನ್ನೊಂದು ಬದಿ ಹಾಡುಗಾರನನ್ನು ತೆಗೆದುಹಾಕಿದ ‘ವರ್ಷನ್’.

ಆ ಖಾಲಿ ಬದಿಯಿಂದಲೇ ರಿಡಿಮ್ ಪದ್ಧತಿ ಬಲಿಯಿತು. ನಮ್ಮ ಯಕ್ಷಗಾನದಲ್ಲಿ ಒಂದೇ ಮಟ್ಟಿಗೆ ಬೇರೆ ಬೇರೆ ಪ್ರಸಂಗಗಳ ಪದಗಳನ್ನು ಹೊಸೆಯುವ ಹಾಗೆ, ಇಲ್ಲಿ ನಿರ್ಮಾಪಕರೊಬ್ಬರು ಒಂದು ತಾಳ ಮತ್ತು ಬೇಸ್ ಸಾಲನ್ನು ಕಟ್ಟುತ್ತಾರೆ, ಹತ್ತಿಪ್ಪತ್ತು ಗಾಯಕರು ಅದರ ಮೇಲೆ ತಮ್ಮ ತಮ್ಮ ಹಾಡು ಹಾಡುತ್ತಾರೆ. 1985ರ ‘ಸ್ಲೆಂಗ್ ಟೆಂಗ್’ ರಿಡಿಮ್ ಕ್ಯಾಸಿಯೊ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ತುಂಬಿಸಿಟ್ಟಿದ್ದ ರಾಕ್ ತಾಳ. ನಿರ್ಮಾಪಕ ಕಿಂಗ್ ಜಾಮಿ ಅದರ ವೇಗ ತಗ್ಗಿಸಿ, ವೇಯ್ನ್ ಸ್ಮಿತ್ ಅವರಿಂದ ಹಾಡಿಸಿದರು. ಅಲ್ಲಿಂದ ಡ್ಯಾನ್ಸ್‌ಹಾಲ್ ಬ್ಯಾಂಡ್‌ಗಳ ಕೈ ತಪ್ಪಿ ಕಂಪ್ಯೂಟರಿನ ಕಡೆ ಹೊರಳಿತು. ಆ ತಾಳವನ್ನು ಜಪಾನಿನಲ್ಲಿ ರೂಪಿಸಿದ್ದ ಒಕುದಾ ಹಿರೊಕೊ ಎಂಬ ಎಂಜಿನಿಯರ್ ಸ್ವತಃ ರೆಗೆಯ ಅಭಿಮಾನಿ ಎಂಬುದು ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟದ ತಿರುವು.

ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು 2002ರ ‘ದಿವಾಲಿ’ ರಿಡಿಮ್. ಹೌದು, ನಮ್ಮ ಹಬ್ಬದ ಹೆಸರೇ. ಜಮೈಕಾಕ್ಕೆ 1845ರಿಂದ ಭಾರತದ ಕೂಲಿಯಾಳುಗಳು ಹೋಗಿ ನೆಲೆಸಿದ್ದರಿಂದ ಅಲ್ಲಿಯವರಿಗೆ ಈ ಹೆಸರು ಅಪರಿಚಿತವಲ್ಲ. ಸ್ಟೀವನ್ ಲೆಂಕಿ ಮಾರ್ಸ್‌ಡನ್ ಕಟ್ಟಿದ ಈ ತಾಳದ ಜೀವವೆಲ್ಲ ಚಪ್ಪಾಳೆಯಲ್ಲಿದೆ. ಕಾಲು ನೆಲಕ್ಕೆ ಬೀಳಬೇಕಾದ ಜಾಗಕ್ಕಿಂತ ಸ್ವಲ್ಪ ಅತ್ತಿತ್ತ ಬಿದ್ದು ಮೈಯನ್ನು ಮುಂದಕ್ಕೆ ತಳ್ಳುವ ಚಪ್ಪಾಳೆ. ಅದೇ ತಾಳದ ಮೇಲೆ ಶಾನ್ ಪಾಲ್ ಅವರ ‘ಗೆಟ್ ಬಿಸಿ’, ವೇಯ್ನ್ ವಂಡರ್ ಅವರ ‘ನೋ ಲೆಟಿಂಗ್ ಗೋ’, ನ್ಯೂಯಾರ್ಕಿನ ಲುಮಿಡಿ ಅವರ ‘ನೆವರ್ ಲೀವ್ ಯು’ ಮೂರೂ ಅಮೆರಿಕವನ್ನು ಗೆದ್ದವು. ‘ಗೆಟ್ ಬಿಸಿ’ 2003ರ ಮೇ ತಿಂಗಳಲ್ಲಿ ಬಿಲ್‌ಬೋರ್ಡ್ ಪಟ್ಟಿಯ ತುದಿ ಮುಟ್ಟಿತು. ಇಡೀ ರಿಡಿಮ್ ಆಲ್ಬಮ್ಮನ್ನು ಒಂದೇ ಸಲಕ್ಕೆ ಕೇಳಲು ಕುಳಿತರೆ ನಾಲ್ಕನೆಯ ಹಾಡಿನ ಹೊತ್ತಿಗೆ ಬೇಸರವೇಳುತ್ತದೆ. ಅದನ್ನು ದಾಟಿದರೆ ಕಿವಿ ತಾಳವನ್ನು ಬಿಟ್ಟು, ಯಾರು ಎಲ್ಲಿ ಉಸಿರು ಹಿಡಿದರು, ಯಾರು ಚಪ್ಪಾಳೆಯ ಹಿಂದೆ ಬಿದ್ದರು, ಯಾರು ಅದನ್ನು ಹಾರಿ ಹೋದರು ಎಂಬುದನ್ನು ಹಿಡಿಯತೊಡಗುತ್ತದೆ. ಡ್ಯಾನ್ಸ್‌ಹಾಲ್‌ನ ಪಾಠ ಅಲ್ಲಿಂದಲೇ ಶುರು ಎಂದು ನಾನು ಹೊಸಬರಿಗೆ ಹೇಳುತ್ತೇನೆ.

ಈಗ ಪ್ರಾಯೋಗಿಕ ಮಾತು. ರಿಡಿಮ್ ಆಲ್ಬಮ್‌ಗಳು ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಬಹುತೇಕ ‘ಹಲವು ಕಲಾವಿದರು’ ಎಂಬ ಹಣೆಪಟ್ಟಿಯಡಿ ಸೇರಿಕೊಳ್ಳುತ್ತವೆ. ನೀವು ಗಾಯಕರನ್ನು ಮಾತ್ರ ಹಿಂಬಾಲಿಸುತ್ತಿದ್ದರೆ ಸೂಚನೆ ಬಾರದೇ ಹೋಗುವ ಸಾಧ್ಯತೆ ಹೆಚ್ಚು. ಆದ್ದರಿಂದ ನಿರ್ಮಾಪಕರನ್ನೂ ಲೇಬಲ್‌ಗಳನ್ನೂ, ಅಂದರೆ ಸಂಗೀತ ಹೊರತರುವ ಕಂಪನಿಗಳನ್ನೂ, ಹಿಂಬಾಲಿಸಿ. ಎಲ್ಲಕ್ಕಿಂತ ದೊಡ್ಡದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ವಿಪಿ ರೆಕಾರ್ಡ್ಸ್. ಕಿಂಗ್‌ಸ್ಟನ್‌ನ ನಾರ್ತ್ ಪರೇಡ್‌ನಲ್ಲಿ ರ‍್ಯಾಂಡೀಸ್ ಎಂಬ ತಟ್ಟೆ ಅಂಗಡಿ ನಡೆಸುತ್ತಿದ್ದ ವಿನ್ಸೆಂಟ್ ಮತ್ತು ಪೆಟ್ರಿಷಿಯಾ ಚಿನ್ ದಂಪತಿ 1979ರಲ್ಲಿ ಅಲ್ಲಿ ಶುರು ಮಾಡಿದ್ದು. ಲಂಡನ್ನಿನ ಗ್ರೀನ್‌ಸ್ಲೀವ್ಸ್ ಲೇಬಲ್ ಕೂಡ 2008ರಿಂದ ಅವರದೇ. ಗಾಯಕರ ಇನ್‌ಸ್ಟಾಗ್ರಾಮ್ ಮಾತಿಗಿಂತ ಲೇಬಲ್ ಕೊಟ್ಟ ದಿನಾಂಕ ಹೆಚ್ಚು ಗಟ್ಟಿ.

ಲೇಬಲ್ ಇದ್ದರೂ ಗ್ಯಾರಂಟಿಯೇನಿಲ್ಲ, ಅದೂ ಬೇರೆ. ಸ್ಪೈಸ್ ಅವರನ್ನು ನೋಡಿ. ಡ್ಯಾನ್ಸ್‌ಹಾಲ್‌ನ ರಾಣಿ ಎಂದು ಊರೆಲ್ಲ ಒಪ್ಪಿಕೊಂಡು ವರ್ಷಗಳು ಕಳೆದರೂ, ವಿಪಿಯೊಂದಿಗೆ ಒಪ್ಪಂದವಿದ್ದರೂ, ಮೊದಲ ಆಲ್ಬಮ್ ಬಂದದ್ದು 2021ರ ಆಗಸ್ಟ್ 6ರಂದು. ಹೆಸರು ‘10’. ಕಾದ ವರ್ಷಗಳ ಲೆಕ್ಕವನ್ನೇ ಮುಖಪುಟಕ್ಕೆ ಅಂಟಿಸಿದ ಆ ಧೈರ್ಯ ನನಗೆ ಹಾಡುಗಳಷ್ಟೇ ಹಿಡಿಸಿತು. ಇದಕ್ಕೆ ಪೂರ್ತಿ ತದ್ವಿರುದ್ಧ ಡ್ಯಾನ್ಸ್‌ಹಾಲ್ ಗಾಯಕ ವೈಬ್ಜ್ ಕಾರ್ಟೆಲ್. 2011ರಿಂದ ಸೆರೆಯಲ್ಲಿದ್ದರೂ ಅವರ ಹೊಸ ಹಾಡುಗಳು ನಿಲ್ಲಲೇ ಇಲ್ಲ. 2016ರಲ್ಲಿ ‘ಕಿಂಗ್ ಆಫ್ ದ ಡ್ಯಾನ್ಸ್‌ಹಾಲ್’ ಎಂಬ ಇಡೀ ಆಲ್ಬಮ್ ಬಂತು. ಜಮೈಕಾದ ಅಂತಿಮ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್ 2024ರ ಮಾರ್ಚ್‌ನಲ್ಲಿ ಶಿಕ್ಷೆ ರದ್ದುಪಡಿಸಿ, ಜುಲೈ 31ರಂದು ಅವರು ಹೊರಬರುವವರೆಗೂ ಇದೇ ಕಥೆ. ಹೊರಗಿದ್ದವರು ದಿನಾಂಕ ತಪ್ಪಿಸುತ್ತಿದ್ದಾಗ ಒಳಗಿದ್ದವರು ಪುಂಖಾನುಪುಂಖವಾಗಿ ಬಿಡುಗಡೆ ಮಾಡುತ್ತಿದ್ದರು!

ದಿನಾಂಕ ನಂಬಲಾಗದಿದ್ದರೂ ಋತುಗಳನ್ನು ನಂಬಬಹುದು. ಫೆಬ್ರುವರಿ ಜಮೈಕಾದಲ್ಲಿ ರೆಗೆ ಮಾಸ. ಡೆನ್ನಿಸ್ ಬ್ರೌನ್ ಮತ್ತು ಬಾಬ್ ಮಾರ್ಲಿ ಇಬ್ಬರ ಹುಟ್ಟುಹಬ್ಬವೂ ಆ ತಿಂಗಳ ಮೊದಲ ವಾರದಲ್ಲೇ ಬರುವುದರಿಂದ ಹಳೆಯ ಸಂಗೀತದ ಮರುಮುದ್ರಣಗಳು, ರೂಟ್ಸ್ ಆಲ್ಬಮ್‌ಗಳು ಆಗ ಹೆಚ್ಚು. ಜುಲೈಯಲ್ಲಿ ಮಾಂಟೆಗೊ ಬೇಯ ಸಮ್‌ಫೆಸ್ಟ್ ಸಂಗೀತೋತ್ಸವ, ಆಗಸ್ಟ್ 6ರಂದು ಸ್ವಾತಂತ್ರ್ಯ ದಿನ. ಆ ಬೇಸಿಗೆಗೆಂದು ಡ್ಯಾನ್ಸ್‌ಹಾಲ್ ಹಾಡುಗಳು ಸಾಲುಗಟ್ಟುತ್ತವೆ. ಆಗಸ್ಟ್ ಕೊನೆಯ ವಾರಗಳನ್ನು ವಿಶೇಷವಾಗಿ ಗಮನಿಸಿ. ಈಚಿನ ವರ್ಷಗಳಲ್ಲಿ ಗ್ರ್ಯಾಮಿಯ ಅರ್ಹತಾ ಅವಧಿ ಆಗಸ್ಟ್ 30ರ ಸುಮಾರಿಗೆ ಮುಗಿಯುತ್ತಿದೆ. ವರ್ಷವಿಡೀ ಮಲಗಿದ್ದ ಆಲ್ಬಮ್‌ಗಳು ಆ ಗಡುವಿನ ಮುಂದೆ ಎದ್ದು ಓಡುತ್ತವೆ. ಗಾಯಕಿ ಲೀಲಾ ಐಕೆ ಅವರ ‘ಟ್ರೆಷರ್ ಸೆಲ್ಫ್ ಲವ್’ ಬಂದದ್ದು 2025ರ ಆಗಸ್ಟ್‌ನಲ್ಲಿ ಎಂಬುದನ್ನು ನಾನು ಬರಿಯ ಕಾಕತಾಳೀಯ ಎಂದುಕೊಂಡಿಲ್ಲ.

ಬಿಲ್‌ಬೋರ್ಡ್‌ನ ರೆಗೆ ಆಲ್ಬಮ್ ಪಟ್ಟಿಯನ್ನು ನೋಡಿ ಹೊಸದನ್ನು ಹುಡುಕುವ ಯೋಚನೆಯಿದ್ದರೆ ಬಿಟ್ಟುಬಿಡಿ. ಅಲ್ಲಿ ವಾರಗಟ್ಟಲೆ, ವರ್ಷಗಟ್ಟಲೆ ಮೊದಲ ಸ್ಥಾನದಲ್ಲಿ ಕುಳಿತಿರುವುದು 1984ರ ‘ಲೆಜೆಂಡ್’, ಬಾಬ್ ಮಾರ್ಲಿ ತೀರಿಕೊಂಡ ಮೂರು ವರ್ಷಕ್ಕೆ ಬಂದ ಸಂಕಲನ. ಭಾರತದಲ್ಲಿ ಕೇಳುವವರಿಗೆ ಒಂದು ಸಣ್ಣ ಲಾಭವಿದೆ, ಹೇಳಿಬಿಡುತ್ತೇನೆ. 2015ರ ಜುಲೈಯಿಂದ ಜಗತ್ತಿನಾದ್ಯಂತ ಹೊಸ ಸಂಗೀತ ಶುಕ್ರವಾರ ಬಿಡುಗಡೆಯಾಗುತ್ತದೆ. ಆಯಾ ದೇಶದ ಮಧ್ಯರಾತ್ರಿಗೆ ನಿಗದಿಯಾದ ಆಲ್ಬಮ್ ನಮ್ಮಲ್ಲಿ ತೆರೆದುಕೊಂಡಾಗ ಕಿಂಗ್‌ಸ್ಟನ್‌ನಲ್ಲಿ ಇನ್ನೂ ಗುರುವಾರ ಮಧ್ಯಾಹ್ನ ಒಂದೂವರೆ. ಅವರದೇ ಸಂಗೀತವನ್ನು ಅವರಿಗಿಂತ ಹತ್ತೂವರೆ ಗಂಟೆ ಮೊದಲು ಕೇಳಬಹುದು. ಅಷ್ಟರೊಳಗೆ ಅಲ್ಲಿಯ ಸೌಂಡ್ ಸಿಸ್ಟಮ್‌ಗಳು ಅದನ್ನು ಡಬ್‌ಪ್ಲೇಟ್ (ತಮಗೆಂದೇ ಮಾಡಿಸಿಕೊಂಡ ಒಂಟಿ ತಟ್ಟೆ) ಮಾಡಿ ಬಾರಿಸಿಲ್ಲದಿದ್ದರೆ!

ಇನ್ನು ತಟ್ಟೆಗಳಿಗೆ ಮುಂಗಡ ಕಟ್ಟುವ ವಿಚಾರ. ಹಳೆಯದರ ಮರುಮುದ್ರಣವಾದರೆ ಧೈರ್ಯವಾಗಿ ಕಟ್ಟಿ. ಲಂಡನ್ನಿನ ಪ್ರೆಶರ್ ಸೌಂಡ್ಸ್, ಟೋಕಿಯೊದ ಡಬ್ ಸ್ಟೋರ್ ಥರದ ಲೇಬಲ್‌ಗಳ ಕೈಯಲ್ಲಿ ಸಂಗೀತ ಮೊದಲೇ ಸಿದ್ಧವಿರುತ್ತದೆ. ತಡವಾಗುವುದಿದ್ದರೆ ಅಚ್ಚಿನ ಕಾರ್ಖಾನೆಯಲ್ಲಿ ಮಾತ್ರ. ಕಡಿಮೆ ಪ್ರತಿಗಳನ್ನೇ ಅಚ್ಚು ಹಾಕಿಸುವುದರಿಂದ ಬೇಗ ಖಾಲಿಯೂ ಆಗುತ್ತವೆ. ಬ್ಯಾಂಡ್‌ಕ್ಯಾಂಪ್ ಎಂಬ ಸಂಗೀತ ಮಾರಾಟ ತಾಣದಲ್ಲಿ ಯುರೋಪಿನ ಡಬ್ (ಹಾಡು ತೆಗೆದ ‘ವರ್ಷನ್’ನಿಂದ ಬೆಳೆದ ವಾದ್ಯಪ್ರಧಾನ ರೆಗೆ) ಲೇಬಲ್‌ಗಳು ಕೊಡುವ ದಿನಾಂಕವೂ ಸಾಮಾನ್ಯವಾಗಿ ನಿಲ್ಲುತ್ತದೆ. ಹೊಸ ಡ್ಯಾನ್ಸ್‌ಹಾಲ್ ಆಲ್ಬಮ್ಮಿನ ಎಲ್‌ಪಿಗೆ ಮಾತ್ರ ಮುಂಗಡ ಬೇಡ. ಅರ್ಧಕ್ಕರ್ಧ ಹಾಡುಗಳನ್ನು ನೀವು ಬಿಡಿಯಾಗಿ ಆಗಲೇ ಕೇಳಿರುತ್ತೀರಿ. ಎಲ್‌ಪಿ ಡಿಜಿಟಲ್ ಬಿಡುಗಡೆಯ ಎಷ್ಟೋ ತಿಂಗಳ ನಂತರ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಮೇಲಾಗಿ ಭಾರತಕ್ಕೆ ತರಿಸುವ ಸಾಗಣೆ ವೆಚ್ಚ ಒಂದೊಂದು ಸಲ ತಟ್ಟೆಯ ಬೆಲೆಯನ್ನೇ ಮೀರುತ್ತದೆ. ನಾಲ್ಕೈದು ತಟ್ಟೆ ಸೇರುವವರೆಗೆ ಕಾದು ಒಟ್ಟಿಗೆ ತರಿಸಿ. ಆ ನಾಲ್ಕೈದರಲ್ಲಿ ಒಂದು ಡ್ಯಾನ್ಸ್‌ಹಾಲ್ ಗಾಯಕಿ ಸಿಸ್ಟರ್ ನ್ಯಾನ್ಸಿ ಅವರ 1982ರ ‘ಒನ್, ಟು’ ಇರಲಿ. ಆ ಆಲ್ಬಮ್ ಭರ್ತಿಯಾಗಲು ಇನ್ನೊಂದು ಹಾಡು ಬೇಕಾಯಿತೆಂದು ಕೊನೆಗೆ ಸೇರಿಸಿದ್ದು ‘ಬ್ಯಾಮ್ ಬ್ಯಾಮ್’. ಇವತ್ತು ಅವರ ಹೆಸರು ಹೇಳಿದರೆ ಜಗತ್ತಿಗೆ ನೆನಪಾಗುವುದು ಅದೊಂದೇ ಹಾಡು, ಮತ್ತು ಅದರ ರಾಯಧನಕ್ಕಾಗಿ ಅವರು ಮೂರು ದಶಕ ಕಾಯಬೇಕಾಯಿತು.