ರಿಸಲ್ಟ್ ಬ್ಯಾನರ್ ಆಮೇಲೆ ನೋಡಿ, ಮೊದಲು ಒಂಬತ್ತನೇ ಕ್ಲಾಸಿಗೆ ಹೋಗಿ

ಪ್ರಶ್ನೆ: ಅಕ್ಕಾವ್ರಿಗೆ ನಮಸ್ಕಾರ. ಮಗಳು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದಾಳೆ, ಕನ್ನಡ ಮಾಧ್ಯಮ. ಎಂಟನೇ ತರಗತಿಗೆ ವಿಜಯಪುರದ ಒಂದು ಖಾಸಗಿ ಹೆಣ್ಣುಮಕ್ಕಳ ಹೈಸ್ಕೂಲಿಗೆ ಹಾಕಬೇಕು ಅಂತಿದ್ದೇವೆ. ಹಾಸ್ಟೆಲ್ ಇದೆ, ಇಂಗ್ಲಿಷ್ ಮೀಡಿಯಂ. ಗೇಟಿನ ಮೇಲೆ ‘ಸತತ ಶೇ 100 ಫಲಿತಾಂಶ’ ಅಂತ ಬ್ಯಾನರ್ ಇದೆ. ಶಿಸ್ತು ಭಾಳ ಅಂತಾರೆ. ಮೊದಲ ಭಾಷೆ ಸಂಸ್ಕೃತ ತಗೊಳ್ಳಿ, ಮಾರ್ಕ್ಸ್ ಜಾಸ್ತಿ ಬರುತ್ತೆ ಅಂತ ಆಫೀಸಿನಲ್ಲೇ ಹೇಳಿದರು. ಬರೀ ಹುಡುಗಿಯರ ಶಾಲೆ ಒಳ್ಳೆಯದಾ? ಏನು ನೋಡಿ ನಿರ್ಧಾರ ಮಾಡಬೇಕು?
– ಒಬ್ಬ ತಾಯಿ, ಮುಧೋಳ ತಾಲ್ಲೂಕು

ಉತ್ತರ: ಬ್ಯಾನರಿನಿಂದಲೇ ಶುರು ಮಾಡೋಣ ರೀ. ಶೇ 100 ಅನ್ನೋದು ಸುಳ್ಳಿರಲಿಕ್ಕಿಲ್ಲ. ಆದರೆ ಪರೀಕ್ಷೆಗೆ ಕೂತವರು ಯಾರು ಅಂತ ಕೇಳಬೇಕು. ಎಷ್ಟೋ ಶಾಲೆಗಳಲ್ಲಿ ಒಂಬತ್ತನೇ ತರಗತಿ ಮುಗಿಯುವ ಹೊತ್ತಿಗೆ ಹಿಂದುಳಿದ ಮಕ್ಕಳ ಮನೆಯವರನ್ನು ಕರೆಸಿ ‘ಟಿಸಿ ತಗೊಂಡು ಹೋಗಿ’ ಅಂತಾರೆ, ಇಲ್ಲಾ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸ್ತಾರೆ. ಆಗ ಉಳಿದವರೆಲ್ಲ ಪಾಸು, ಬ್ಯಾನರೂ ರೆಡಿ. ಅದಕ್ಕೆ ನೀವು ಒಂದೇ ಲೆಕ್ಕ ಕೇಳಿ: ಈ ಸಲ ಹತ್ತನೇ ತರಗತಿ ಬರೆದವರು ಎಂಟಕ್ಕೆ ಸೇರಿದಾಗ ಎಷ್ಟು ಜನ ಇದ್ದರು, ಪರೀಕ್ಷೆಗೆ ಕೂತವರು ಎಷ್ಟು ಜನ? ನೆಟ್ಟಗೆ ಉತ್ತರ ಕೊಟ್ಟರೆ ಒಳ್ಳೆಯ ಲಕ್ಷಣ. ‘ಅದೆಲ್ಲ ನಿಮಗ್ಯಾಕ್ರೀ’ ಅಂದರೆ ಅದೂ ಒಂದು ಉತ್ತರವೇ.

ಇನ್ನು ಶಾಲೆ ನೋಡೋಕೆ ಹೋದಾಗ ನಿಮ್ಮನ್ನು ನೇರ ಹತ್ತನೇ ತರಗತಿಗೆ ಕರೆದೊಯ್ತಾರೆ. ಅಲ್ಲಿ ಎಲ್ಲಾ ಶಾಲೆಗಳೂ ಒಂದೇ ಥರ ಕಾಣ್ತವೆ, ಸುಮ್ನೆ ನೋಡಿ ಬನ್ನಿ. ನಿಮಗೆ ಬೇಕಾದದ್ದು ಒಂಬತ್ತನೇ ತರಗತಿ. ಖಾಸಗಿ ಹೈಸ್ಕೂಲುಗಳಲ್ಲಿ ಜಾಸ್ತಿ ಹೊಡೆತ ತಿನ್ನೋದು ಅದೇ ವರ್ಷ. ಬೋರ್ಡ್ ಪರೀಕ್ಷೆ ಇಲ್ಲ ಅಲ್ವಾ, ಅದಕ್ಕೆ ಪಾಠಗಳನ್ನು ಓಡಿಸಿಬಿಟ್ಟು ದೀಪಾವಳಿ ಕಳೆಯುತ್ತಿದ್ದಂತೆ ಹತ್ತರ ಪೋರ್ಷನ್ ಶುರು ಹಚ್ಚುತ್ತಾರೆ. ಹತ್ತರ ಪಾಠ ನಿಂತಿರೋದೇ ಒಂಬತ್ತರ ಮೇಲೆ ಅನ್ನೋದು ಅವರಿಗೂ ಗೊತ್ತು.

ಒಂಬತ್ತರ ಪಾಠ ನಿಜವಾಗಿ ನಡೆದಿದೆಯಾ ಅಂತ ತಿಳಿಯೋಕೆ ನಾನು ಯಾವಾಗಲೂ ಹೇಳೋದು ಜೀವಕೋಶದ ಪಾಠ. ಅದರಲ್ಲಿ ಉಳ್ಳಾಗಡ್ಡಿ ಪೊರೆಯ ಪ್ರಯೋಗ ಇದೆ. ಉಳ್ಳಾಗಡ್ಡಿಯ ಒಂದು ಎಸಳು ತಗೊಂಡು, ಒಳಬದಿಯ ತೆಳು ಪೊರೆಯನ್ನು ಚಿಮಟದಿಂದ ಎಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಹಾಸಿ, ಬಣ್ಣ ಹಿಡಿಯೋಕೆ ಸಾಫ್ರನಿನ್ ಇಲ್ಲವೇ ಅಯೋಡಿನ್ ಬಿಟ್ಟು, ಮೇಲೆ ಸಣ್ಣ ಗಾಜು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಮುಚ್ಚುವಾಗ ಕೈ ಸ್ವಲ್ಪ ಅವಸರ ಮಾಡಿದರೆ ಒಳಗೆ ಗಾಳಿಗುಳ್ಳೆ ಸೇರುತ್ತೆ. ಮೊದಲ ಸಲ ನೋಡುವ ಮಕ್ಕಳಲ್ಲಿ ಅರ್ಧ ಜನ ಆ ಗುಳ್ಳೆಯ ಕಪ್ಪು ಅಂಚಿನ ದುಂಡನೆಯ ಚಿತ್ರವನ್ನೇ ನೀಟಾಗಿ ಬರೆದು ‘ಜೀವಕೋಶ’ ಅಂತ ಹೆಸರು ಹಾಕ್ತಾರೆ! ಹಾಗಾಗಿ ಒಂಬತ್ತರ ಹುಡುಗಿಯೊಬ್ಬಳನ್ನು ಮಾತಿಗೆಳೆದು ‘ಗಾಳಿಗುಳ್ಳೆ ಬಂದಿತ್ತಾ?’ ಅಂತ ಕೇಳಿ. ಕೈಯಿಂದ ಮಾಡಿದವಳು ನಗ್ತಾಳೆ. ಬೋರ್ಡ್ ಮೇಲಿನ ಚಿತ್ರ ಕಾಪಿ ಮಾಡಿದವಳಿಗೆ ನೀವು ಏನು ಕೇಳ್ತಿದ್ದೀರಿ ಅಂತಲೇ ತಿಳಿಯೋದಿಲ್ಲ. ಉಳ್ಳಾಗಡ್ಡಿ ಬೆಳೆಯೋ ನಮ್ಮ ಕಡೆ ಇದಕ್ಕೆ ಖರ್ಚು ಜಾಸ್ತಿ ಅಂತ ಯಾರೂ ಹೇಳೋ ಹಾಗಿಲ್ಲ.

ಗಣಿತದ್ದೂ ಹಾಗೇ. ಗೋಳ, ಅರ್ಧಗೋಳದ ಮೇಲ್ಮೈ ವಿಸ್ತೀರ್ಣ ಒಂಬತ್ತರಲ್ಲೇ ಬರುತ್ತೆ. ವಿಜಯಪುರದ ಶಾಲೆ ಅಂದಮೇಲೆ ಆ ಪಾಠವನ್ನು ಗೋಳಗುಮ್ಮಟ ತೋರಿಸದೆ ಮುಗಿಸಿದರೆ ಏನನ್ನಬೇಕು? ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಅಂದರೆ ತ್ರಿಜ್ಯ 22, ಪೈ 22/7 ಹಾಕಿದರೆ ಬಾಯಲ್ಲೇ ಅರ್ಧ ಲೆಕ್ಕ ಆಗುತ್ತೆ. ಸರಿಯಾದ ಅರ್ಧಗೋಳ ಅಂತ ಹಿಡಿದರೆ ಸುಮಾರು 3,042 ಚದರ ಮೀಟರ್. ಸುಣ್ಣ ಹೊಡೆಯೋಕೆ ಎಷ್ಟು ಬೇಕು ಅಂತ ಹುಡುಗಿಯರು ಜಗಳಾಡಲಿ. ಗುಮ್ಮಟ ನಿಜವಾಗಿ ಸರಿಯಾದ ಅರ್ಧಗೋಳವಾ ಅಂತ ಒಬ್ಬಳು ಕೇಳಿಯೇ ಕೇಳ್ತಾಳೆ, ಆವಾಗ ಟೀಚರ್ ಏನು ಮಾಡ್ತಾರೆ ಅನ್ನೋದರಲ್ಲಿ ಶಾಲೆಯ ಗುಣ ಗೊತ್ತಾಗುತ್ತೆ.

ಬರೀ ಹುಡುಗಿಯರ ಶಾಲೆ ಒಳ್ಳೆಯದಾ ಅಂತ ಕೇಳಿದ್ದೀರಿ. ಎರಡೂ ಥರ ಆಗುತ್ತೆ. ಅಲ್ಲಿ ಕ್ವಿಜ್ ಟೀಮೂ ಅವರದೇ, ಬೆಂಚು ಎತ್ತಿ ಇಡೋರೂ ಅವರೇ, ಮೈಕ್ ಕೆಟ್ಟರೆ ವೈರ್ ಹಿಡಿದು ನೋಡೋರೂ ಅವರೇ. ಪ್ರಯೋಗ ಮಾಡೋದು ಹುಡುಗ, ರೀಡಿಂಗ್ ಬರೆದುಕೊಳ್ಳೋದು ಹುಡುಗಿ ಅನ್ನೋ ಹಳೆಯ ಹಂಚಿಕೆ ತಾನಾಗಿಯೇ ತಪ್ಪುತ್ತೆ. ಇದು ದೊಡ್ಡ ಲಾಭ. ಆದರೆ ಕೆಲವು ಶಾಲೆಗಳು ಹೆಣ್ಣುಮಕ್ಕಳ ಶಾಲೆ ಅಂದರೆ ರಂಗೋಲಿ, ಮೆಹಂದಿ, ಭಾಷಣ, ಎರಡು ಜಡೆ ಅಂತ ತಿಳಕೊಂಡಿವೆ. ನನಗೆ ರಂಗೋಲಿ ಮೇಲೆ ಸಿಟ್ಟಿಲ್ಲ, ಚುಕ್ಕಿ ರಂಗೋಲಿಯಲ್ಲಿ ಒಳ್ಳೆಯ ಗಣಿತವೇ ಇದೆ. ಆದರೆ ಕಂಪ್ಯೂಟರ್ ರೂಮಿಗೆ ಬೀಗ, ರಂಗೋಲಿಗೆ ಮೂರು ಬಹುಮಾನ ಅಂದರೆ ಅನುಮಾನ ಪಡಿ. ಶಿಸ್ತು ಅಂದರೇನು ಅಂತಲೂ ಬಿಡಿಸಿ ಕೇಳಿ. ಹೊತ್ತಿಗೆ ಸರಿಯಾಗಿ ಬರೋದು, ಹೋಂವರ್ಕ್ ತಿದ್ದಿ ವಾಪಸ್ ಕೊಡೋದು ಶಿಸ್ತು. ಕಾರಿಡಾರಿನಲ್ಲಿ ಯಾರೂ ಉಸಿರೆತ್ತದೆ ಇರೋದಕ್ಕೆ ಭಯ ಅಂತಾರೆ.

ಸಂಸ್ಕೃತದ ವಿಷಯ. ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಗೆ 125 ಅಂಕ. ಸಂಸ್ಕೃತದಲ್ಲಿ ಪೂರ್ತಿ ಅಂಕ ತೆಗೆಯೋದು ಸಲೀಸು ಅನ್ನೋ ಕಾರಣಕ್ಕೇ ಶಾಲೆಗಳು ಅದನ್ನು ಮುಂದೆ ಮಾಡ್ತವೆ, ಬ್ಯಾನರಿಗೆ ಅನುಕೂಲ. ಭಾಷೆಯ ಮೇಲೆ ಪ್ರೀತಿ ಇದ್ದು ತಗೊಂಡರೆ ಸಂತೋಷ. ಅಂಕಕ್ಕಾಗಿ ಮಾತ್ರ ಆದರೆ ಬೇಡ ಅಂತ ನನ್ನ ಮಾತು. ಏಳು ವರ್ಷ ಕನ್ನಡದಲ್ಲಿ ಓದಿದವಳು ಈಗ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗ್ತಿದ್ದಾಳೆ. ವಿಜ್ಞಾನ, ಸಮಾಜ ಎರಡೂ ಹೊಸ ಭಾಷೆಯಲ್ಲಿ. ಅವಳು ಮನಸ್ಸು ಬಿಚ್ಚಿ ನಾಲ್ಕು ಪುಟ ಬರೆಯೋ ಜಾಗ ಅಂತ ಉಳಿಯೋದು ಕನ್ನಡ ಒಂದೇ, ಅದನ್ನು ಮೊದಲ ಭಾಷೆಯಾಗಿಯೇ ಇಡಿ. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆ ಗಟ್ಟಿ ಮಾಡಿಸೋ ಪಾಠ, ಹೇಗೆ ಮಾಡ್ತಾರೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಬೇರೆ ತರಗತಿ ಇದೆಯಾ ಅಂತಲೂ ವಿಚಾರಿಸಿ. ಒಂದು ವಾರದ ಟೆಸ್ಟ್ ಮಾಡಿ ಸೇತುಬಂಧ ಮುಗೀತು ಅನ್ನೋ ಶಾಲೆಯಲ್ಲಿ ಮಗು ಮೊದಲ ಆರು ತಿಂಗಳು ಬಾಯೇ ಬಿಡೋದಿಲ್ಲ.

ಪ್ರಶ್ನೆ: ನಾನು ಬೆಳಗಾವಿಯ ಗರ್ಲ್ಸ್ ಹೈಸ್ಕೂಲಿನಲ್ಲಿ ಒಂಬತ್ತನೇ ತರಗತಿ. ನಮ್ಮ ಪಿಟಿ ಮತ್ತು ಲೈಬ್ರರಿ ಪಿರಿಯಡ್ ಎರಡನ್ನೂ ಗಣಿತಕ್ಕೆ ಕೊಟ್ಟಿದ್ದಾರೆ. ಟೈಮ್‌ಟೇಬಲ್‌ನಲ್ಲಿ ಮಾತ್ರ ಹಾಗೇ ಇದೆ. ಕೇಳಿದರೆ ‘ಹುಡುಗಿಯರಿಗೆ ಆಟ ಯಾಕೆ’ ಅಂತಾರೆ. ಏನು ಮಾಡಲಿ, ಆಂಟಿ?
– ಹೆಸರು ಬೇಡ

ಉತ್ತರ: ನೀನು ಒಬ್ಬಳೇ ಹೋಗಿ ಕೇಳಬೇಡ, ಪುಟ್ಟಿ. ಕ್ಲಾಸಿನವರೆಲ್ಲ ಸೇರಿ ಅರ್ಧ ಪುಟದ ಅರ್ಜಿ ಬರೆಯಿರಿ. ಗಣಿತ ಬೇಡ ಅಂತ ಬರೆಯಬೇಡಿ. ವಾರಕ್ಕೆ ಎಷ್ಟು ಪಿಟಿ ಪಿರಿಯಡ್ ಟೈಮ್‌ಟೇಬಲ್‌ನಲ್ಲಿದೆ, ಎಷ್ಟು ನಡೀತು, ಅಷ್ಟೇ ಬರೆಯಿರಿ. ದೈಹಿಕ ಶಿಕ್ಷಣಕ್ಕೂ ಗ್ರೇಡ್ ಕೊಡ್ತಾರೆ, ಆಡಿಸದೆ ಗ್ರೇಡ್ ಹಾಕೋದು ಹೇಗೆ ಅನ್ನೋ ಪ್ರಶ್ನೆಗೆ ಹೆಡ್ ಮೇಡಮ್ ಹತ್ತಿರ ಉತ್ತರ ಕಷ್ಟ. ಪಾಲಕರ ಸಭೆಯಲ್ಲಿ ಅಮ್ಮನೋ ಅಪ್ಪನೋ ಇದನ್ನೇ ಎತ್ತಲಿ. ಲೈಬ್ರರಿ ವಾಪಸ್ ಬರೋದು ತಡವಾದರೆ, ಪುಸ್ತಕ ಮನೆಗೆ ಕೊಡಿ ಅಂತ ಕೇಳಿ. ಬೀರುವಿನಲ್ಲಿದ್ದು ಗೆದ್ದಲು ತಿನ್ನೋದಕ್ಕಿಂತ ಅದು ಮೇಲು.

ಪ್ರಶ್ನೆ: ಮಗಳು ಈಗ ಏಳನೇ ತರಗತಿ. ಕಿತ್ತೂರಿನ ಹೆಣ್ಣುಮಕ್ಕಳ ಸೈನಿಕ ಶಾಲೆಗೆ ಎಂಟಕ್ಕೆ ಹಾಕಬಹುದಾ? ಇಲ್ಲದಿದ್ದರೆ ಸಿಬಿಎಸ್‌ಇ ಹಾಕಲೋ ಸ್ಟೇಟ್ ಸಿಲಬಸ್ಸೋ?
– ಗೋಕಾಕದ ಓದುಗರು

ಉತ್ತರ: ಕಿತ್ತೂರು ರಾಣಿ ಚನ್ನಮ್ಮ ಶಾಲೆ 1969ರಿಂದ ಇದೆ, ಹೆಸರಿಗೆ ತಕ್ಕ ಶಾಲೆ. ಆದರೆ ಅಲ್ಲಿ ಸೇರಿಸಿಕೊಳ್ಳೋದು ಆರನೇ ತರಗತಿಗೆ, ಪ್ರವೇಶ ಪರೀಕ್ಷೆ ಬರೆದು. ನಿಮಗೆ ತಡವಾಯ್ತು. ತಂಗಿ ಇದ್ದರೆ ಐದನೇ ತರಗತಿಯಿಂದಲೇ ತಯಾರಿ ಶುರು ಮಾಡಿ.

ಸಿಲಬಸ್ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬಿಡ್ರಿ. ನಮ್ಮ ರಾಜ್ಯದ ಹೈಸ್ಕೂಲಿನ ಗಣಿತ, ವಿಜ್ಞಾನ ಪುಸ್ತಕಗಳೂ ಸಿಬಿಎಸ್‌ಇ ಶಾಲೆಗಳಲ್ಲಿ ಓದಿಸೋ ಎನ್‌ಸಿಇಆರ್‌ಟಿ ಪುಸ್ತಕವನ್ನೇ ಆಧರಿಸಿವೆ. ವ್ಯತ್ಯಾಸ ಇರೋದು ಭಾಷೆ, ಸಮಾಜ ವಿಜ್ಞಾನ, ಪ್ರಶ್ನೆ ಕೇಳೋ ರೀತಿಯಲ್ಲಿ. ಕನ್ನಡವನ್ನು ಕಲಿಸಲೇಬೇಕು ಅಂತ 2015ರ ಕಾಯ್ದೆ ಇದೆ, ಸಿಬಿಎಸ್‌ಇ ಶಾಲೆಗೂ ಅದು ಬಿಡೋದಿಲ್ಲ. ಒಂದೇ ಎಚ್ಚರ: ಸಿಬಿಎಸ್‌ಇ ಹತ್ತರಲ್ಲಿ ಗಣಿತ ಬೇಸಿಕ್, ಸ್ಟ್ಯಾಂಡರ್ಡ್ ಅಂತ ಎರಡು ಥರ. ಹುಡುಗಿ ಅಂತ ಹೇಳಿ ಸುಲಭದ್ದು ಬರೆಸೋ ಶಾಲೆಗಳಿವೆ. ಮುಂದೆ ಸೈನ್ಸ್ ಓದೋ ಆಸೆ ಇದ್ದರೆ ಸ್ಟ್ಯಾಂಡರ್ಡೇ ಬರೆಸಿ. ಮತ್ತೆ, ಮನೆಗೆ ಹತ್ತಿರ ಯಾವುದಿದೆ ನೋಡಿ. ದಿನಾ ಎರಡು ತಾಸು ಬಸ್ಸಿನಲ್ಲಿ ಕಳೆದರೆ ಯಾವ ಸಿಲಬಸ್ಸೂ ತಲೆಗೆ ಹತ್ತೋದಿಲ್ಲ.

ಪ್ರಶ್ನೆ: ಮಗಳು ಸ್ವಂತ ಮಾತಿನಲ್ಲಿ ಉತ್ತರ ಬರೀತಾಳೆ. ಗೈಡಿನಲ್ಲಿದ್ದ ಹಾಗೆ ಬರೆದಿಲ್ಲ ಅಂತ ಸಮಾಜ ವಿಜ್ಞಾನದಲ್ಲಿ ಅಂಕ ಕಡಿಮೆ. ಕೇಳಿದ್ದಕ್ಕೆ ‘ವಾದ ಮಾಡ್ತಾಳೆ’ ಅಂತ ನನಗೇ ದೂರು. ಬಾಯಿಪಾಠ ಮಾಡಿಸಲಾ?
– ಒಬ್ಬ ತಂದೆ, ಬಾಗಲಕೋಟೆ

ಉತ್ತರ: ಬೇಡ್ರಿ ಸರ್. ಎಸ್ಸೆಸ್ಸೆಲ್ಸಿ ಪತ್ರಿಕೆ ತಿದ್ದುವವರು ನೋಡೋದು ಅಂಶಗಳನ್ನು. ನಾಲ್ಕು ಅಂಕದ ಪ್ರಶ್ನೆಗೆ ನಾಲ್ಕು ಬೇರೆ ಬೇರೆ ಅಂಶ ಕಣ್ಣಿಗೆ ಬೀಳಬೇಕು, ಮಾತು ಯಾರದಾದರೂ ಆಗಲಿ. ಸ್ವಂತ ಮಾತಿನಲ್ಲಿ ಬರೆಯೋ ಮಕ್ಕಳು ಸಾಮಾನ್ಯವಾಗಿ ಎಲ್ಲವನ್ನೂ ಒಂದೇ ಪ್ಯಾರಾದಲ್ಲಿ ಸುತ್ತಿ ಬರೀತಾರೆ, ಮೂರು ಅಂಶ ಇದ್ದರೂ ಅವಸರದಲ್ಲಿ ತಿದ್ದುವವರಿಗೆ ಎರಡೇ ಕಾಣ್ತವೆ. ಮಗಳ ಉತ್ತರಪತ್ರಿಕೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಅವಳೇ ಅಂಶಗಳಿಗೆ ನಂಬರ್ ಹಾಕಲಿ. ನಂಬರ್ ಸಾಲದಿದ್ದರೆ ಬರವಣಿಗೆ ಬಿಡಿಸಿ ಬರೆಯೋದು ಕಲೀಲಿ. ನಂಬರ್ ಸರಿಯಿದ್ದೂ ಅಂಕ ಕಡಿಮೆ ಇದ್ದರೆ ಆ ಪತ್ರಿಕೆ ತಗೊಂಡು ನೀವೇ ಶಾಲೆಗೆ ಹೋಗಿ, ಮಗಳನ್ನೂ ಕರೆದುಕೊಂಡು ಹೋಗಿ. ಯಾವ ಅಂಶ ತಪ್ಪು ಅಂತ ಅವಳೇ ಕೇಳಲಿ, ನೀವು ಪಕ್ಕದಲ್ಲಿ ಕೂತಿದ್ದರೆ ಸಾಕು.