ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ?

ಮಾನ್ಯರೇ,

ನಾಲ್ಕೂವರೆ ವರ್ಷದ ಮಗಳ ಕೆಳಗಿನ ದವಡೆಹಲ್ಲಿನಲ್ಲಿ ಕಪ್ಪು ತೂತು ಕಂಡದ್ದು, ದಂತವೈದ್ಯರು ಅದನ್ನು ತುಂಬಿಸಿ ಉಳಿದ ಹಲ್ಲುಗಳಿಗೆ ಹುಳುಕು ತಡೆಯುವ ಫ್ಲೋರೈಡ್ ಹಚ್ಚಿಸಿ ಎಂದದ್ದು, ಮನೆಗೆ ಬಂದರೆ ನಿಮ್ಮ ಅತ್ತೆಯವರು 'ಹಾಲುಹಲ್ಲು ತಾನೆ, ನಾಳೆ ಬಿದ್ದುಹೋಗುತ್ತೆ, ಮಗೂನ ಯಾಕೆ ಗೋಳಾಡಿಸ್ತೀರಿ' ಎಂದದ್ದು, ಎಲ್ಲವನ್ನೂ ಬರೆದು ಮೂರು ಪ್ರಶ್ನೆ ಕೇಳಿದ್ದೀರಿ. ಬಿದ್ದುಹೋಗುವ ಹಲ್ಲಿಗೆ ಚಿಕಿತ್ಸೆ ಬೇಕೆ? ದಿನಾ ಎರಡು ಹೊತ್ತು ಉಜ್ಜಿಯೂ ಹೀಗೇಕಾಯಿತು? ಫ್ಲೋರೈಡ್ ವಿಷವೆನ್ನುತ್ತಾರಲ್ಲ, ನಿಜವೆ? ಕೊನೆಗೆ 'ತಾಯಿಯಾಗಿ ನಾನೇ ಎಲ್ಲೋ ತಪ್ಪಿದೆ ಅನಿಸುತ್ತಿದೆ' ಎಂದಿದ್ದೀರಿ. ಆ ಸಾಲು ಓದಿದ ಮೇಲೆ ಎರಡು ಮಾತಿನಲ್ಲಿ ಉತ್ತರಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ.

ಅತ್ತೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಹಾಲುಹಲ್ಲು ಬೀಳುವುದು ನಿಜ, ನಾಳೆಯೇ ಬೀಳುವುದಿಲ್ಲ. ಮುಂದಿನ ಬಾಚಿಹಲ್ಲುಗಳು 6-7 ವರ್ಷಕ್ಕೆ ಅಲ್ಲಾಡತೊಡಗುತ್ತವೆ. ಹಿಂದಿನ ದವಡೆಹಲ್ಲುಗಳು ಮಾತ್ರ 9ರಿಂದ 12 ವರ್ಷದವರೆಗೂ ಬಾಯಲ್ಲಿರುತ್ತವೆ. ಅಂದರೆ ತೂತು ಬಿದ್ದ ಆ ಹಲ್ಲಿನಲ್ಲಿ ನಿಮ್ಮ ಮಗಳು ಇನ್ನೂ ಐದಾರು ವರ್ಷ ಅಗಿದು ತಿನ್ನಬೇಕು. ಹಾಲುಹಲ್ಲಿನ ಹೊರಕವಚ ತೆಳು, ಒಳಗಿನ ನರ ಹತ್ತಿರ. ಹಾಗಾಗಿ ದೊಡ್ಡವರ ಹಲ್ಲಿಗಿಂತ ಬೇಗ ಹುಳುಕು ಒಳಗಿಳಿಯುತ್ತದೆ. ಬೇರಿನ ತುದಿಯಲ್ಲಿ ಕೀವು ಕಟ್ಟಿದರೆ ಅದರಡಿಯಲ್ಲೇ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿಗೂ ಪೆಟ್ಟು ಬೀಳಬಹುದು. ಕಿತ್ತುಬಿಟ್ಟರೆ ಸರಿಹೋಯಿತಲ್ಲ ಎನ್ನಬೇಡಿ. ಹಿಂದಿನ ಹಲ್ಲು ಆ ಖಾಲಿ ಜಾಗಕ್ಕೆ ವಾಲಿಕೊಳ್ಳಬಹುದು, ಕೆಳಗಿನಿಂದ ಬರುವ ಹಲ್ಲಿಗೆ ದಾರಿ ಇಲ್ಲದೆ ಅದು ಅಡ್ಡಾದಿಡ್ಡಿ ಬರಬಹುದು.

ಇನ್ನೊಂದು ಮಾತು: ಈ ವಯಸ್ಸಿನ ಮಕ್ಕಳು ಹಲ್ಲುನೋವು ಎಂದು ಹೇಳುವುದೇ ಕಡಿಮೆ. ಒಂದೇ ಮಗ್ಗುಲಲ್ಲಿ ಅಗಿಯುತ್ತಾರೆ, ಗಟ್ಟಿ ಪದಾರ್ಥ ಬಿಡುತ್ತಾರೆ, ರಾತ್ರಿ ಎದ್ದು ಅಳುತ್ತಾರೆ. ನಾವು ಹಟ ಎಂದುಕೊಳ್ಳುತ್ತೇವೆ.

ಎರಡನೆಯ ಪ್ರಶ್ನೆಗೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. 'ರಾತ್ರಿ ತಾನೇ ಉಜ್ಜಿಕೊಳ್ಳುತ್ತಾಳೆ, ಆಮೇಲೆ ಸಕ್ಕರೆ ಹಾಕಿದ ಹಾಲು ಕುಡಿದು ಮಲಗುತ್ತಾಳೆ' ಎಂದು ಒಂದು ಕಡೆ ಬರೆದಿದ್ದೀರಿ. ಆ ಒಂದು ವಾಕ್ಯದಲ್ಲಿ ಎರಡು ಸಂಗತಿಗಳಿವೆ.

ಹುಳುಕು ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ, ಹುಳ ಬಂದು ಹಲ್ಲು ಕೊರೆಯಿತೇನೋ ಎನ್ನುವ ಹಾಗೆ. ಹುಳ ಇಲ್ಲ. ಹಲ್ಲಿಗೆ ಅಂಟಿಕೊಂಡ ಲೋಳೆಯಂಥ ಪದರದಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿ ಬದಲಿಸುತ್ತವೆ. ಆಮ್ಲತೆಯ ಅಳತೆಯಾದ ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಬರುತ್ತವೆ. ಸಿಹಿ ಬಾಯಿಗೆ ಬಿದ್ದ ಕೆಲವೇ ನಿಮಿಷಕ್ಕೆ ಇದು ಆಗುತ್ತದೆ. ಆಮೇಲೆ ಜೊಲ್ಲು ಆ ಆಮ್ಲವನ್ನು ತೊಳೆದು, ಕಳೆದುಹೋದ ಖನಿಜವನ್ನು ಹಲ್ಲಿಗೆ ಮರಳಿ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಹೀಗೆ ಹಲ್ಲು ದಿನವಿಡೀ ಕೊಡುತ್ತ, ಪಡೆಯುತ್ತ ಇರುತ್ತದೆ. ಕೊಟ್ಟದ್ದೇ ಹೆಚ್ಚಾದರೆ ತೂತು. ನಿದ್ದೆಯಲ್ಲಿ ಜೊಲ್ಲು ಊರುವುದೇ ತೀರ ಕಡಿಮೆ. ಉಜ್ಜಿದ ಮೇಲೆ ಕುಡಿದ ಸಿಹಿಹಾಲು ರಾತ್ರಿಯಿಡೀ ಹಲ್ಲಿನ ಮೇಲೆ ಕೂತಿರುತ್ತದೆ, ತೊಳೆಯುವವರು ಯಾರೂ ಇಲ್ಲ. ಹಾಲು ಬಿಡಿಸಬೇಡಿ. ಸಕ್ಕರೆ ಬಿಟ್ಟು, ಉಜ್ಜುವ ಮುಂಚೆ ಕುಡಿಸಿ. ಉಜ್ಜಿದ ಮೇಲೆ ನೀರು ಮಾತ್ರ. ಮಲಗುವ ಹೊತ್ತಿಗೆ ಕೊಡುವ ಕೆಮ್ಮಿನ ಸಿರಪ್‌ನಲ್ಲೂ ಸಕ್ಕರೆ ಇರಬಹುದು, ನೆನಪಿಡಿ.

ಇದರಿಂದ ಇನ್ನೊಂದು ವಿಷಯ ತಿಳಿಯುತ್ತದೆ. ಎಷ್ಟು ಸಿಹಿ ತಿಂದರು ಎನ್ನುವಷ್ಟೇ, ಎಷ್ಟು ಸಲ ತಿಂದರು ಎನ್ನುವುದೂ ಮುಖ್ಯ. ಇದನ್ನು ತೋರಿಸಿಕೊಟ್ಟದ್ದು 1940ರ ದಶಕದಲ್ಲಿ ಸ್ವೀಡನ್ನಿನ ವಿಪೆಹೋಲ್ಮ್ ಎಂಬಲ್ಲಿ ನಡೆದ ಪ್ರಯೋಗ. ಊಟದ ನಡುನಡುವೆ ಅಂಟಂಟಾದ ಟಾಫಿ ತಿಂದವರ ಹಲ್ಲು ಎಲ್ಲರಿಗಿಂತ ಹೆಚ್ಚು ಹಾಳಾಯಿತು. ಆದರೆ ಆ ಟಾಫಿ ತಿನ್ನಿಸಿದ್ದು ಬೌದ್ಧಿಕ ನ್ಯೂನತೆಯಿಂದ ಅಲ್ಲಿ ಆಶ್ರಯ ಪಡೆದಿದ್ದವರಿಗೆ, ಅವರ ಒಪ್ಪಿಗೆ ಇಲ್ಲದೆ. ಅವರು ನೋವುಂಡು ಕೊಟ್ಟ ತಿಳಿವಳಿಕೆ ಇದು. ಅದನ್ನು ಬಳಸುವಾಗ ಅವರನ್ನು ನೆನೆಯದೆ ಇರಲಾರೆ. ನಿಮ್ಮ ಮಗಳಿಗೆ ಚಾಕೊಲೇಟ್ ಕೊಡುವುದಾದರೆ ಊಟದ ಜೊತೆಗೇ ಕೊಟ್ಟು ಮುಗಿಸಿ. ಒಂದು ಬಿಸ್ಕತ್ತನ್ನೋ ಜ್ಯೂಸ್ ಬಾಟಲಿಯನ್ನೋ ಇಡೀ ಮಧ್ಯಾಹ್ನ ಕೈಯಲ್ಲಿಟ್ಟುಕೊಂಡು ಓಡಾಡುವುದು ಬೇಡ.

ಎರಡನೆಯ ಸಂಗತಿ 'ತಾನೇ ಉಜ್ಜಿಕೊಳ್ಳುತ್ತಾಳೆ' ಎನ್ನುವುದು. ಅಂಗಿಯ ಗುಂಡಿ ಹಾಕಿಕೊಳ್ಳಲು ತಡವರಿಸುವ ಕೈಗೆ ದವಡೆಯ ಮೂಲೆ ಎಟುಕುವುದಿಲ್ಲ. ಅವಳಾಗಿ ಉಜ್ಜಿಕೊಳ್ಳಲಿ, ಸಂತೋಷ. ಆದರೆ ಅದಾದ ಮೇಲೆ ನೀವೊಮ್ಮೆ ಉಜ್ಜಿ, ಏಳೆಂಟು ವರ್ಷ ತುಂಬುವವರೆಗೆ. ಅವಳ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟು ಮಲಗಿಸಿಕೊಂಡರೆ ಬಾಯಿ ಪೂರ್ತಿ ಕಾಣುತ್ತದೆ. ಹಾಗೇ ಬೆರಳಿನಿಂದ ಮೇಲ್ದುಟಿ ಎತ್ತಿ ನೋಡಿ. ಒಸಡಿನ ಅಂಚಿಗೆ ಹಲ್ಲಿನ ಮೇಲೆ ಸುಣ್ಣ ಬಳಿದಂತೆ ಮಂಕಾದ ಬಿಳಿ ಗೆರೆ ಇದೆಯೆ? ಖನಿಜ ಕಳೆದುಕೊಳ್ಳತೊಡಗಿದ ಹಲ್ಲಿನ ಮೊದಲ ಗುರುತು ಅದು. ತೂತು ಬೀಳುವ ಮೊದಲಿನ ಈ ಹಂತದಲ್ಲಿ ಕೊರೆಯುವುದು, ತುಂಬಿಸುವುದು ಬೇಕಿಲ್ಲ. ಸಿಹಿ ಕಡಿಮೆ ಮಾಡಿ ಫ್ಲೋರೈಡ್ ಕೊಟ್ಟರೆ ಹಲ್ಲು ತಾನೇ ಚೇತರಿಸಿಕೊಳ್ಳಬಲ್ಲದು. ನಿಮ್ಮ ವೈದ್ಯರು ಉಳಿದ ಹಲ್ಲುಗಳಿಗೆ ಫ್ಲೋರೈಡ್ ಹೇಳಿದ್ದು ಆ ಹಲ್ಲುಗಳಿಗೂ ಈ ಗತಿ ಬಾರದಿರಲಿ ಎಂದೇ.

ಫ್ಲೋರೈಡ್ ಬಗೆಗಿನ ನಿಮ್ಮ ಭಯ ಹುಸಿಯೆಂದು ತಳ್ಳಿಹಾಕುವುದಿಲ್ಲ. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸ್‌ಗೆ ಬಂದಾಗ ಅಲ್ಲಿಯವರ ಹಲ್ಲಿನ ಮೇಲೆ ಕಂದು ಕಲೆ ಕಂಡರು. ಆ ಕಲೆಯ ಹಲ್ಲುಗಳು ಹುಳುಕಾಗುವುದು ಕಡಿಮೆ ಎಂಬುದನ್ನೂ ಆಮೇಲೆ ಗಮನಿಸಿದರು. ಕುಡಿಯುವ ನೀರಿನ ಫ್ಲೋರೈಡೇ ಕಾರಣವೆಂದು ತಿಳಿದದ್ದು 1931ರಲ್ಲಿ. ಕೆಡುಕು, ಒಳಿತು ಎರಡೂ ಒಂದೇ ವಸ್ತುವಿನವು, ವ್ಯತ್ಯಾಸ ಪ್ರಮಾಣದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ನೀವು ಕುಡಿಯುವುದು ಕೊಳವೆಬಾವಿ ನೀರಾದರೆ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ವೈದ್ಯರಿಗೆ ತೋರಿಸಿ. ಪೇಸ್ಟಿನ ವಿಷಯ ಬೇರೆ. ಅದು ಹಲ್ಲಿನ ಮೇಲೆ ಕೆಲಸ ಮಾಡಬೇಕಾದದ್ದು, ನುಂಗಲಿಕ್ಕಲ್ಲ. ಟ್ಯೂಬಿನ ಮೇಲೆ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷದಲ್ಲಿ ಸಾವಿರ ಪಾಲು) ಫ್ಲೋರೈಡ್ ಎಂದಿರಲಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಕಾಳಿನಷ್ಟು ಸಾಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಿಂಡುತ್ತಾರಲ್ಲ, ಅಷ್ಟು ಮಗುವಿಗೆ ಖಂಡಿತ ಬೇಡ. ಪೇಸ್ಟನ್ನು ನೀವೇ ಹಾಕಿಕೊಡಿ, ಟ್ಯೂಬ್ ಅವಳ ಕೈಗೆ ಸಿಗದಿರಲಿ. ಉಜ್ಜಿದ ಮೇಲೆ ಉಗಿದರೆ ಸಾಕು, ಬಾಯ್ತುಂಬ ನೀರು ಹಾಕಿ ಮುಕ್ಕಳಿಸಿದರೆ ಹಲ್ಲಿನ ಮೇಲೆ ಉಳಿಯಬೇಕಾದದ್ದೂ ಹೋಗುತ್ತದೆ. ವೈದ್ಯರು ಹಚ್ಚುವ ಫ್ಲೋರೈಡ್ ಲೇಪ, ಅಂದರೆ ವಾರ್ನಿಷ್, ಕೆಲವೇ ಹನಿ, ಹಲ್ಲಿಗೆ ತಾಗಿದೊಡನೆ ಅಂಟಿಕೊಳ್ಳುತ್ತದೆ. ಸಾಮಾನ್ಯವಾಗಿ 3ರಿಂದ 6 ತಿಂಗಳಿಗೊಮ್ಮೆ ಹಚ್ಚುತ್ತಾರೆ.

ನೀವು ಕೇಳದೆ ಇದ್ದರೂ ಒಂದು ಮಾತು ಹೇಳಲೇಬೇಕು. ನನ್ನ ಮಗನಿಗೆ 8 ವರ್ಷವಾಗಿದ್ದಾಗ ಕೆಳಗಿನ ಕೊನೆಯ ಹಲ್ಲು ಹುಳುಕಾಗಿದ್ದನ್ನು ಕಂಡು, ಹಾಲುಹಲ್ಲಲ್ಲವೆ ಎಂದು ಆರು ತಿಂಗಳು ಸುಮ್ಮನಿದ್ದೆ. ಅದು ಹಾಲುಹಲ್ಲಾಗಿರಲಿಲ್ಲ. 6ನೇ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆ, ಹಾಲುದವಡೆಯ ಹಿಂದೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲು ಅದು. ಹಲ್ಲು ಬಿದ್ದಿಲ್ಲ, ಹಾಗಾಗಿ ಹೊಸದು ಬಂದಿಲ್ಲ ಎಂದುಕೊಂಡಿದ್ದೆ. ರೂಟ್ ಕೆನಾಲ್ ಕುರ್ಚಿಯಲ್ಲಿ ಅವನು ನನ್ನ ಕೈ ಹಿಡಿದುಕೊಂಡಿದ್ದ ಬಿಗಿ ಇವತ್ತಿಗೂ ನೆನಪಿದೆ. ಈ ಹಲ್ಲಿನ ಮೇಲ್ಮೈಯ ಸೀಳುಗಳು ಎಷ್ಟು ಕಿರಿದೆಂದರೆ ಬ್ರಷ್ಷಿನ ಎಳೆಯೂ ಒಳಹೋಗದು. ಹಲ್ಲು ಪೂರ್ತಿ ಮೇಲೆ ಬಂದೊಡನೆ ಆ ಸೀಳುಗಳನ್ನು ಸೀಲೆಂಟ್ ಎಂಬ ತೆಳು ಲೇಪದಿಂದ ಮುಚ್ಚಿಸಬಹುದು. ಕೊರೆಯುವುದಿಲ್ಲ, ಸೂಜಿ ಇಲ್ಲ, ನೋವಿಲ್ಲ. ನಿಮ್ಮ ಮಗಳಿಗೆ ಐದೂವರೆ ದಾಟಿದ ಮೇಲೆ ತಿಂಗಳಿಗೊಮ್ಮೆ ಹಿಂದೆ ಇಣುಕಿ ನೋಡುತ್ತಿರಿ.

ಈಗಿನ ತೂತಿಗೆ ಮಗು ಕುರ್ಚಿಯಲ್ಲಿ ಕೂರುವುದೇ ಇಲ್ಲವೆಂದಾದರೆ, ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಔಷಧ ದ್ರವ ಹಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಹುಳುಕು ಹಬ್ಬುವುದನ್ನು ಅದು ಎಷ್ಟೋ ಸಲ ತಡೆಯುತ್ತದೆ. ಹಚ್ಚಿದ ಜಾಗ ಕಾಯಂ ಕಪ್ಪಾಗುತ್ತದೆ, ಹಿಂದಿನ ಹಲ್ಲಾದ್ದರಿಂದ ಕಾಣದು. ಹುಳುಕು ನರ ಮುಟ್ಟಿದ್ದರೆ ಇದು ಸಾಲದು.

ತಪ್ಪು ಯಾರದು ಎಂದು ಹುಡುಕುತ್ತ ಕೂರಬೇಡಿ. ದಿನಾ ಎರಡು ಹೊತ್ತು ತಪ್ಪದೆ ಉಜ್ಜಿಸಿದ ತಾಯಿ ನೀವು. ಹಾಲಿನ ಲೋಟ ಬ್ರಷ್ಷಿಗಿಂತ ಮೊದಲು ಬರಬೇಕೆಂದು ನಿಮಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಚಿಕ್ಕವನಿಗೆ ಹತ್ತು ತಿಂಗಳು, ಕೆಳಗೆ ಎರಡು ಹಲ್ಲು ಬಂದಿವೆ ಎಂದು ಪತ್ರದ ಬದಿಯಲ್ಲಿ ಬರೆದಿದ್ದೀರಿ. ಮೊದಲ ಹುಟ್ಟುಹಬ್ಬದೊಳಗೆ ಅವನನ್ನೂ ಒಮ್ಮೆ ದಂತವೈದ್ಯರಿಗೆ ತೋರಿಸಿ. ಅಕ್ಕನನ್ನು ತೋರಿಸಲು ಹೋಗುವಾಗಲೇ ಅವನನ್ನೂ ಕರೆದೊಯ್ದರೆ ಕೆಲಸ ಆಯಿತು. ಆ ಎರಡು ಹಲ್ಲುಗಳನ್ನು ಮೆತ್ತನೆಯ ಬ್ರಷ್ಷಿನಿಂದ ಇವತ್ತು ರಾತ್ರಿಯಿಂದಲೇ ಉಜ್ಜಲು ಶುರು ಮಾಡಿ.

ನಿಮ್ಮ,
ಸಂಪಾದಕ